ಕೆಂಪು ಬಟ್ಟೆಯ ಗೂಟ

“ಏನ್ ಯಜಮಾನ್ರೇ, ಮತ್ತೆ ಬಂದ್ರಾ? ಏನಾದ್ರೂ ಬಿಟ್ಟು ಹೋಗಿದ್ರಾ?” ರಾಷ್ಟ್ರೀಯ ಉದ್ಯಾನದ ಗೇಟಿನ ಕಾವಲುಗಾರ ಕಾರಿನ ಕಿಟಕಿಗೆ ಬಗ್ಗಿ ಕೇಳಿದ.

ಗಂಡ ನಕ್ಕು ಗಾಜು ಏರಿಸಿದ. “ಬಂದೋರಿಗೆಲ್ಲ ಹೀಗೇ ಹೇಳ್ತಾನೇನೋ. ಹೊತ್ತು ಹೋಗ್ಬೇಕಲ್ಲ, ಪಾಪ.”

ದಾರಿಬದಿಯ ಸೀಳುಬಂಡೆಯ ಹತ್ತಿರ ಅವನು ಎಡಕ್ಕೆ ತಿರುಗಿದಾಗಲೇ ಪಕ್ಕದಲ್ಲಿ ಕೂತ ಹೆಂಡತಿಗೆ ಗೊತ್ತಾಗಿತ್ತು. ಬೆಳಿಗ್ಗೆ ಇಲ್ಲಿಂದ ಅದೇ ಬಂಡೆ ದಾಟಿಕೊಂಡು ಹೊರಟಿದ್ದರು. ಈಗ ನೆನಪಾದೀತು, ಇನ್ನೊಂದು ತಿರುವಿಗೆ ನೆನಪಾದೀತು ಎಂದು ಅವನ ಮುಖವನ್ನೇ ನೋಡುತ್ತ ಬಂದಿದ್ದಳು.

ಮರೆವು ಶುರುವಾಗಿದೆ, ದಾರಿ ತಪ್ಪಿದ ದಿನ ಸ್ಟಿಯರಿಂಗ್ ಬಿಡಬೇಕು ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಆಯುಷ್ಯವೆಲ್ಲ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದ ಮನುಷ್ಯ. “ಆಗ್ಲಿ ಡಾಕ್ಟ್ರೇ, ಅವತ್ತೇ ಕೀ ಇವಳ ಕೈಗೆ” ಎಂದು ಮಾತು ಕೊಟ್ಟು ಬಂದವನು ಡೇರೆ, ಸ್ಟೌವು, ಹಾಸಿಗೆಗಳನ್ನು ಕಾರಿಗೆ ತುಂಬಿದ. ಎಲ್ಲಿಗೆ ಎಂದರೆ, “ಎಲ್ಲಿಗೂ ಇಲ್ಲ ಕಣೇ. ಬೆಟ್ಟ ಕಂಡ ಕಡೆ ತಿರುಗೋದು, ಮನಸ್ಸಾದ ಕಡೆ ಡೇರೆ ಹಾಕೋದು. ಎಲ್ಲಿಗೂ ಅಂತ ಹೊರಡದೋನು ದಾರಿ ತಪ್ಪೋದಾದ್ರೂ ಹೇಗೆ ಹೇಳು?” ಅವಳೂ ನಕ್ಕಿದ್ದಳು. ಆ ಉಪಾಯ ಅವಳಿಗೂ ಬೇಕಾಗಿತ್ತು.

ಕಾರು ನಿಂತಿತು. “ಆಹಾ, ಎಂಥಾ ಜಾಗ! ನಿನ್ನೇದಕ್ಕಿಂತ ಇದೇ ವಾಸಿ ಅಲ್ವಾ?”

“ಹೂಂ ರೀ, ಇದೇ ವಾಸಿ.” ಮಂಜು ಇಳಿಯುತ್ತಿತ್ತು. ಹುಲ್ಲು ಅವರ ಡೇರೆಯ ಅಗಲಕ್ಕೇ ಮಲಗಿತ್ತು. ಅವಳು ಸರಸರನೆ ಹೋಗಿ ಅದರ ಮೇಲೆ ಚಾಪೆ ಹಾಸಿದಳು.

ಅವನು ಸುತ್ತಿಗೆ ಹಿಡಿದು ಕುಕ್ಕರಗಾಲಲ್ಲಿ ಕೂತ. “ಲೇ, ಇಲ್ನೋಡೇ! ಯಾರೋ ಪುಣ್ಯಾತ್ಮರು ನಮ್ಮ ಅಳತೆಗೇ ತೂತು ಮಾಡಿಟ್ಟು ಹೋಗಿದ್ದಾರೆ.” ಗೂಟಗಳು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಕೊನೆಯ ಮೂಲೆಗೆ ಬಂದಾಗ ಅವನ ಚೀಲದಲ್ಲಿ ಗೂಟವಿರಲಿಲ್ಲ, ತೂತಿನಲ್ಲಿತ್ತು. ಕಿತ್ತ. ತಲೆಗೆ ಕೆಂಪು ಬಟ್ಟೆಯ ಚೂರು. ಕತ್ತಲಲ್ಲಿ ಅವಳು ಎಡವಬಾರದೆಂದು ಅವಳ ಹಳೆಯ ಸ್ಕಾರ್ಫು ಹರಿದು ಎಲ್ಲ ಗೂಟಗಳಿಗೂ ಅವನೇ ಕಟ್ಟಿದ್ದು.

ನಗು ನಿಂತಿತು. ಗೂಟವನ್ನು ಬೆರಳುಗಳಲ್ಲಿ ತಿರುಗಿಸುತ್ತ ಕೂತೇ ಇದ್ದ.

“ರೀ, ಬೆಳಿಗ್ಗೆ ಅದನ್ನ ಕೀಳೋದು ನಾನೇ ಮರೆತೆ” ಎಂದುಬಿಟ್ಟಳು. ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳಲು ಹೋಗಿ ಏನು ಹೇಳಿಬಿಟ್ಟೆನೆಂದು ಆಮೇಲೆ ಹೊಳೆಯಿತು.

ಅವನು ತಲೆಯೆತ್ತಲಿಲ್ಲ. ಜೇಬಿನಿಂದ ಕಾರಿನ ಕೀ ತೆಗೆದು ಅವಳ ಪಾದದ ಬಳಿ ಹುಲ್ಲಿನ ಮೇಲಿಟ್ಟ. “ನಾಳೆ ನೀನು ಓಡಿಸು. ನಂಗೆ ಬೆನ್ನು ಹಿಡ್ಕೊಂಡಿದೆ.”

ಆಮೇಲೆ ಗೂಟವನ್ನು ಅದೇ ತೂತಿಗಿಟ್ಟು ಬಡಿಯತೊಡಗಿದ. ಡೇರೆಗೆ ಸಾಕಾಗುವಷ್ಟು ಇಳಿದ ಮೇಲೂ ಬಡಿದ. ಕೆಂಪು ಬಟ್ಟೆ ಮಣ್ಣಿನೊಳಗೆ ಕಾಣದಾಗುವವರೆಗೂ ಬಡಿದ.