ಕಣ್ಣು ಮುಚ್ಚದ ಆಟಗಾರ

ಮೂರು ದಿನವಾಯಿತು, ಆ ಆಟಗಾರ ಕಣ್ಣು ಮುಚ್ಚಿರಲಿಲ್ಲ.

ನಯನಾ ಕಾರಿನಲ್ಲೇ ಮತ್ತೊಮ್ಮೆ ಫೋನ್ ನೋಡಿದಳು. ಈಗಲೂ ಆಡುತ್ತಿದ್ದಾನೆ. ನಾಲ್ಕು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ಗಡಿಯಾರಕ್ಕೆ ಕಟ್ಟಿಹಾಕಿದ ಹಾಗೆ. ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ಯಂತ್ರವೇ ಇರಬೇಕು.

'ಸಂತೆ' ಅವಳು ಎಂಟು ವರ್ಷ ಕೂತು ಕಟ್ಟಿದ ವಿಡಿಯೋ ಗೇಮ್. ಕಂಪನಿಯಲ್ಲಿ ಕ್ರಿಯೇಟಿವ್ ಹೆಡ್ ಎಂಬ ಕುರ್ಚಿ ಕೊಡಿಸಿದ್ದೂ ಅದೇ. ಸೋಮವಾರ ಹೂಡಿಕೆದಾರರು ಬರುತ್ತಾರೆ. ಆಡುವವರು ನಿಜವಾದ ಜನ ಎಂದು ತೋರಿಸಬೇಕು, ಇಲ್ಲವಾದರೆ ಆಟ ಮುಚ್ಚುತ್ತದೆ. ನಲವತ್ತು ಸಾವಿರ ಆಟಗಾರರು, ಎಲ್ಲ ಬಂಗಾರದಂಥವರು. ಬೆಳಿಗ್ಗೆ ಬರುತ್ತಾರೆ, ರಾತ್ರಿ ಹನ್ನೊಂದಕ್ಕೆ ಹೋಗುತ್ತಾರೆ, ಬಾಯಲ್ಲಿ ಒಂದು ಬೈಗುಳವಿಲ್ಲ. ಹಾಳಾದ್ದು ಇವನೊಬ್ಬ. ಸಂತೆಯ ನಡುವೆ ನಿಂತು ದಿನವೂ ಒಂದೇ ಮಾತು ಬರೆಯುತ್ತಿದ್ದ: "ಲೇ, ಯಾರಾದ್ರೂ ಒಸಿ ಮಾತಾಡ್ರಲಾ."

ಹಿಂದೊಮ್ಮೆ ಅವನಿಗೆ ಬಹುಮಾನ ಕಳಿಸಲು ಪಡೆದಿದ್ದ ವಿಳಾಸ ಹಿಡಿದು ಅವಳು ಕಬ್ಬಾಳಿನ ಆಚೆಯ ತೋಟದ ಮನೆಗೆ ಬಂದಳು. ಉಳಿದ ಖಾತೆಗಳನ್ನೂ ಒಂದೊಂದಾಗಿ ಜಾಲಾಡಿಬಿಡು, ಸೋಮವಾರ ಯಾರೂ ಬೆರಳು ತೋರಿಸಬಾರದು ಎಂದು ಆಫೀಸಿನ ನರೇಂದ್ರನಿಗೆ ಹೇಳಿ ಹೊರಟಿದ್ದಳು.

ಮನೆಗೆ ಅಂಟಿದಂತೆ ಉದ್ದನೆಯ ಕೋಣೆ. ಕಿಟಕಿಗಳಿಗೆಲ್ಲ ಬಲೆ. ಒಳಗೆ ಫ್ಯಾನಿನ ಸದ್ದು, ಹಗಲಲ್ಲೂ ಟ್ಯೂಬ್‌ಲೈಟು, ಗೋಡೆಗೆ ಉಷ್ಣತೆ ಅಳೆಯುವ ಮೀಟರು. ಸಾಲು ಕಂಪ್ಯೂಟರುಗಳನ್ನು ಇಟ್ಟಿದ್ದಾರೆ ಎಂದುಕೊಂಡಳು. ಬಾಗಿಲಲ್ಲಿ ಮುನಿಯಮ್ಮ ಎಂಬ ಮುದುಕಿ ಕೈ ಅಡ್ಡ ಹಿಡಿದಳು.

"ಸೆಂಟ್ ಹಾಕ್ಕಂಡ್ ಬಂದಿದ್ದೀಯಲ್ಲವ್ವ. ನಾಕ್ನೇ ಜ್ವರ ಎದ್ದವೆ, ಒಳಿಕ್ ಬರಂಗಿಲ್ಲ."

ರೇಷ್ಮೆ ಹುಳು. ಹೊಸ್ತಿಲಿನಾಚೆಯಿಂದಲೇ ನಯನಾ ನೋಡಿದಳು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುಗಳಿಗೆ ಹಗಲಿರುಳೂ ನಾಲ್ಕು ಗಂಟೆಗೊಮ್ಮೆ ಸೊಪ್ಪು ಬೀಳಬೇಕು. ಮುನಿಯಮ್ಮ, ಮಗ ಲೋಕೇಶ್, ಸೊಸೆ ಪ್ರತಿಮಾ ಸರದಿಯ ಮೇಲೆ ಎದ್ದಿರುತ್ತಿದ್ದರು. ಸೊಪ್ಪು ಹಾಕುವ ಅರ್ಧ ಗಂಟೆ ಬಿಟ್ಟರೆ, ತೂಕಡಿಕೆ ಬಾರದಿರಲಿ ಎಂದು ಎಚ್ಚರವಿದ್ದವರ ಕೈಗೆ ಅದೇ ಫೋನು, ಅದೇ ಆಟ. ಯಂತ್ರವಲ್ಲ, ಮನೆಮಂದಿ.

ಆಟ ಮಾಡಿದವಳು ತಾನೇ ಎಂದು ನಯನಾ ಹೇಳಿದಾಗ ಪ್ರತಿಮಾ ಸೊಪ್ಪಿನ ಕೈ ಸೆರಗಿಗೆ ಒರೆಸಿಕೊಂಡು ಹೊರಬಂದಳು. "ಆಟ ಚೆಂದಾಗೈತೆ ಮೇಡಂ. ಆದ್ರೆ ನಿಮ್ ಸಂತೆ ಜನುಕ್ಕೆ ಕ್ವಾಪನೇ ಬರಕಿಲ್ಲ. ನಮ್ಮತ್ತೆ ಬೈದ್ರೂ ನಗ್ತವೆ."

ನಯನಾಳಿಗೂ ನಗು ಬಂತು. ಮೂರು ದಿನದಿಂದ ಎದೆ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು. ಅಲ್ಲಿಂದಲೇ ನರೇಂದ್ರನಿಗೆ ಫೋನ್ ಮಾಡಿ, ಆ ಖಾತೆ ಅಳಿಸಬೇಡ, ಅದು ಯಂತ್ರವಲ್ಲ, ಅದರ ಹಿಂದೆ ಮೂರು ಜನ ಇದ್ದಾರೆ ಎಂದಳು.

ನರೇಂದ್ರ ದನಿ ತಗ್ಗಿಸಿ, ಎಲ್ಲ ಖಾತೆಗಳನ್ನೂ ಜಾಲಾಡಿ ಮುಗಿಸಿದೆ ಎಂದ.

"ಮಿಕ್ಕಿದ್ದೆಲ್ಲ ನಮ್ಮ ಕಂಪನಿಯವರೇ ಓಡಿಸ್ತಿರೋ ಯಂತ್ರಗಳು ಮೇಡಂ. ನಿಮ್ಮ ಆಟದಲ್ಲಿ ಮನುಷ್ಯರು ಅಂತ ಇರೋದು ಆ ಮೂವರೇ."