ಕಾರು ನಿಂತದ್ದು ಯಾರ ತಪ್ಪಿಗೆ

ಆಲಂಕಾರು ದಾಟಿ ಏರು ಹತ್ತುತ್ತಿದ್ದ ಕಾರು ಸದ್ದಿಲ್ಲದೆ ನಿಂತುಬಿಟ್ಟಿತು. ಹೊಗೆಯಿಲ್ಲ, ವಾಸನೆಯಿಲ್ಲ, ಒಂದು ಕೆಮ್ಮೂ ಇಲ್ಲ. ಯಾರೋ ಚಾವಿ ತಿರುಗಿಸಿ ಬಂದ್ ಮಾಡಿದ ಹಾಗೆ. ಔಸೇಪ್ ಮೊದಲು ನೋಡಿದ್ದು ಮೀಟರನ್ನಲ್ಲ, ತಮ್ಮ ಬಲಗೈಯನ್ನು. ಅದು ಸ್ಟೇರಿಂಗಿನ ಮೇಲೆಯೇ ಇತ್ತು.

“ನಾನು ಆಫ್ ಮಾಡಿದ್ದಾ?” ಎಂದು ಪಕ್ಕದಲ್ಲಿ ಕೂತಿದ್ದ ಹೆಂಡತಿಯನ್ನು ಕೇಳಿದರು.

“ಇಲ್ಲಪ್ಪ,” ಎಂದರು ವಲ್ಸಾ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಇಲ್ಲವೆಂದು ಆಣೆಯಿಟ್ಟು ಹೇಳುವ ಹಾಗಿರಲಿಲ್ಲ.

ಔಸೇಪರಿಗೆ ಗಾಬರಿಯಾಗಲು ಕಾರಣವಿತ್ತು. ಹೋದ ತಿಂಗಳು ಕಡಬ ಪೇಟೆಗೆ ಕಾರಿನಲ್ಲಿ ಹೋದವರು ಕೋಡಿಂಬಾಳದ ಮನೆಗೆ ಬಸ್ಸಿನಲ್ಲಿ ಬಂದಿದ್ದರು. ಕಾರು ಮೀನು ಮಾರ್ಕೆಟಿನೆದುರು ಸಂಜೆಯವರೆಗೆ ಬಿಸಿಲು ಕಾಯುತ್ತ ನಿಂತಿತ್ತು. ಊರೆಲ್ಲ ನಕ್ಕರೂ ಮಗಳು ಎಲ್ಸಾ ನಗಲಿಲ್ಲ. ಇನ್ನೊಂದು ಸಲ ಇಂಥದ್ದಾದರೆ ಅಪ್ಪ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ, ಕಾರು ಮಾರಿಬಿಡುವುದೇ ಸೈ ಎಂದು ಖಡಾಖಂಡಿತ ಹೇಳಿದ್ದಳು. ಇವತ್ತಿನದು ಆ ಇನ್ನೊಂದು ಸಲವೋ ಅಲ್ಲವೋ ಎನ್ನುವುದೇ ಔಸೇಪರಿಗೆ ಗೊತ್ತಾಗುತ್ತಿರಲಿಲ್ಲ. ಚಾವಿ ತಿರುಗಿಸಿದರು. ಎಂಜಿನ್ ಗರಗರ ತಿರುಗಿತು, ಹದಿನಾರು ವರ್ಷಗಳಲ್ಲಿ ಎಂದೂ ಅಷ್ಟು ಹಗುರವಾಗಿ ತಿರುಗಿದ್ದಿಲ್ಲ. ಆದರೆ ಸ್ಟಾರ್ಟ್ ಆಗಲಿಲ್ಲ.

ನಮ್ಮ ಕಡೆ ದಾರಿಯಲ್ಲಿ ಒಂದು ಗಾಡಿ ನಿಂತಿದ್ದರೆ ದೂಡದೆ ಮುಂದೆ ಹೋಗುವುದು ಮರ್ಯಾದೆಯಲ್ಲ. ಎರಡು ರಿಕ್ಷಾ, ಒಂದು ಬೈಕು ನಿಂತವು. ಡೀಸೆಲ್ ಖಾಲಿ ಎಂದ ಒಬ್ಬ. ಬ್ಯಾಟರಿ ಎಂದ ಇನ್ನೊಬ್ಬ. ಪೈಪಿನಲ್ಲಿ ಗಾಳಿ ತುಂಬಿದೆ ಎಂದು ಮೂರನೆಯವನು ಬಾನೆಟ್ಟಿಗೆ ಕಿವಿ ಕೊಟ್ಟು ತೀರ್ಪು ಕೊಟ್ಟ. ಮೂವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ, ದೂಡುವುದು ಮಾತ್ರ ಒಪ್ಪಿಗೆಯಾಯಿತು. ಕಾರನ್ನು ಇಳಿಜಾರಿಗೆ ತಿರುಗಿಸಿ, “ಸೆಕೆಂಡಿಗೆ ಹಾಕಿ ಕ್ಲಚ್ ಬಿಡಿ ಚೇಟ್ಟ,” ಎಂದು ಔಸೇಪರನ್ನು ಮಲಯಾಳದಲ್ಲೇ ಅಣ್ಣನೆಂದು ಕರೆದು, ಬೆವರು ಸುರಿಸಿ ದೂಡಿದರು. ಒಳಗೆ ಟಕಟಕ ಎಂದು ಏನೋ ಬಡಿದುಕೊಂಡಿತು. ಆಮೇಲೆ ಅದೂ ನಿಂತಿತು.

ಪಿಕಪ್ಪಿಗೆ ಹಗ್ಗ ಕಟ್ಟಿಸಿ ಕಡಬಕ್ಕೆ, ಸುಲೈಮಾನನ ಗ್ಯಾರೇಜಿಗೆ ಎಳೆಸಿಕೊಂಡು ಬಂದದ್ದಾಯಿತು. ಸುಲೈಮಾನ್ ಎಂಜಿನ್ನಿನ ಬದಿಯ ಕವರು ಬಿಚ್ಚಿ, ಹಲ್ಲು ಕಿತ್ತುಹೋದ ಒಂದು ಕಪ್ಪು ಪಟ್ಟಿಯನ್ನು ಎಳೆದು ತೆಗೆದ.

“ಟೈಮಿಂಗ್ ಬೆಲ್ಟ್ ಕಡಿದದ್ದು ಮಾರಾಯ್ರೆ. ಎಂಜಿನ್ನಿನ ಮೇಲಿನದ್ದನ್ನು, ಕೆಳಗಿನದ್ದನ್ನು ಒಟ್ಟಿಗೆ ತಿರುಗಿಸುದು ಇದೇ. ಇದು ಕಡಿದಾಗಲೇ ವಾಲ್ವ್ ಬೆಂಡಾಗ್ತದೆ. ಮತ್ತೆ ನೀವು ದೂಡಿ ಉಳಿದದ್ದನ್ನೂ ಬೆಂಡ್ ಮಾಡಿದ್ದೀರಿ.”

“ತನ್ನಷ್ಟಕ್ಕೇ ಕಡಿದದ್ದಾ? ನಾನು ಎಂತದೂ ಮಾಡ್ಲಿಲ್ಲ ಅಲ್ವಾ?”

“ನೀವೆಂತ ಮಾಡುದು? ರಬ್ಬರಲ್ವಾ, ವರ್ಷ ಆದ ಮೇಲೆ ಬಿರಿತದೆ. ರಬ್ಬರ್ ತೋಟ ಇದ್ದವರಿಗೆ ಅದನ್ನು ನಾನು ಹೇಳ್ಬೇಕಾ?”

ಔಸೇಪರ ಮುಖ ಅರಳಿತು. ಎಂಜಿನ್ನಿನ ಹೆಡ್ ಬಿಚ್ಚಬೇಕು, ಹತ್ತು ದಿನ ಹಿಡಿಯುತ್ತದೆ ಎಂದರೂ ಅವರ ನಗು ಮಾಸಲಿಲ್ಲ. ಎಂಜಿನ್ ಹೋಯಿತೆಂದು ಇಷ್ಟು ಖುಷಿಪಡುವ ಗಿರಾಕಿಯನ್ನು ಸುಲೈಮಾನ್ ಕಂಡಿರಲಿಲ್ಲ. ಅವನು ತಲೆಬುಡ ತಿಳಿಯದೆ ವಲ್ಸಾರ ಮುಖ ನೋಡಿದ. ವಲ್ಸಾ ಕೂಡ ನಗುತ್ತಿದ್ದರು, ಆದರೆ ಅವರ ಕಣ್ಣಲ್ಲಿ ನೀರು ತುಂಬಿತ್ತು.

“ಎಲ್ಸಾಳಿಗೆ ಈಗಲೇ ಫೋನ್ ಮಾಡು,” ಎಂದರು ಔಸೇಪ್. “ಬೆಲ್ಟ್ ಅಂತ ಹೇಳು. ನಾನಲ್ಲ, ಬೆಲ್ಟ್.”

ವಲ್ಸಾ ಬ್ಯಾಗಿನಿಂದ ಮೊಬೈಲು ತೆಗೆಯುವಷ್ಟರಲ್ಲಿ, ಜಾಕ್ ಹುಡುಕಲು ಡಿಕ್ಕಿ ತೆರೆದಿದ್ದ ಸುಲೈಮಾನ್ ಸ್ಟೆಪ್ನಿಯಡಿಯಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಎತ್ತಿಕೊಂಡು ಬಂದ.

“ಹೊಸ ಬೆಲ್ಟ್ ಇಲ್ಲೇ ಉಂಟಲ್ಲ ಚೇಟ್ಟ. ಇದೇ ಗಾಡಿದ್ದು. ಯಾರು ತಂದಿಟ್ಟದ್ದು?”

ಔಸೇಪ್ ಹೆಂಡತಿಯ ಕಡೆ ನೋಡಿದರು. ಪೆಟ್ಟಿಗೆಯ ಮೇಲೆ ಪುತ್ತೂರಿನ ಅಂಗಡಿಯೊಂದರ ಚೀಟಿ ಅಂಟಿತ್ತು, ಎರಡು ವರ್ಷ ಹಿಂದಿನ ತಾರೀಕು. ಅದರ ಕೆಳಗೆ ಬಾಲ್ ಪೆನ್ನಿನಲ್ಲಿ ಮಲಯಾಳದ ಎರಡು ಸಾಲು.

“ಎಂತ ಬರ್ದದ್ದು ಇದು? ನನಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ,” ಎಂದ ಸುಲೈಮಾನ್.

ಪೆಟ್ಟಿಗೆಯನ್ನು ವಲ್ಸಾ ಇಸಿದುಕೊಂಡರು. ಎಡಕ್ಕೆ ವಾಲಿದ ಆ ಅಕ್ಷರ ಯಾರದೆಂದು ತಿಳಿಯಲು ಅವರು ಓದಬೇಕಾಗಿಯೇ ಇರಲಿಲ್ಲ. ಮದುವೆಗೆ ಮುಂಚೆ ತನಗೆ ಬಂದ ಪತ್ರಗಳಲ್ಲಿ, ನಲವತ್ತು ವರ್ಷಗಳಿಂದ ಮನೆಯ ಕ್ಯಾಲೆಂಡರಿನಲ್ಲಿ ಇದ್ದದ್ದು ಅದೇ ಅಕ್ಷರ. ಓದಿದ ಮೇಲೆ ಅವರು ಆ ಸಾಲುಗಳ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದರು.

“ಬೆಲ್ಟಿನ ನಂಬರು,” ಎಂದರು.

“ಎಲ್ಲಿ, ಕೊಡು.” ಔಸೇಪ್ ಕನ್ನಡಕ ಏರಿಸಿ, ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದರು. “ನಂಬರಲ್ಲ ಇದು. ‘ಬೆಲ್ಟ್ ಹಾಕಿಸಬೇಕು, ಈ ಸಲ ಮರೆಯಬಾರದು’ ಅಂತ ಬರ್ದದ್ದು.”

ಇನ್ನೊಮ್ಮೆ ಓದಿದರು. ಆಮೇಲೆ ಸುಲೈಮಾನನ ಕಡೆ ತಿರುಗಿ ಮುಗುಳ್ನಕ್ಕರು.

“ಪಾಪ, ಯಾರೋ ದೊಡ್ಡ ಮರೆಗುಳಿ ಇರ್ಬೇಕು.”