ಎಂಟನೆಯ ಅಧ್ಯಾಯದ ಕೂಸು

ಲಂಡನ್ನಿನಿಂದ ಬಂದ ಕಾಗದವನ್ನು ಶೇಷಗಿರಿ ರಾಯಚೂರಿನಿಂದ ಮಾನ್ವಿಯವರೆಗೆ ಮೋಟಾರಿನಲ್ಲಿ ಐದು ಸಲ ಓದಿದ. ಅದೇ ಜೇಬಿನಲ್ಲಿದ್ದ ಕಾರ್ಡನ್ನು ಮಾತ್ರ ಹೊರಗೆ ತೆಗೆಯಲಿಲ್ಲ. ಅದು ಆಗಲೇ ಬಾಯಿಪಾಠವಾಗಿತ್ತು.

‘ಮಡಿಯೊಲೆ’ಯ ಇಂಗ್ಲಿಷ್ ಅನುವಾದ ಮೂರನೆಯ ಮುದ್ರಣಕ್ಕೆ ಹೋಗಿದೆ ಎಂದು ಕಾಗದ ಹೇಳುತ್ತಿತ್ತು. ಯುದ್ಧ ಮುಗಿದು ನಾಲ್ಕು ವರ್ಷವಾದರೂ ಅಲ್ಲಿ ಬೆಣ್ಣೆ, ಸಕ್ಕರೆ ಇನ್ನೂ ಚೀಟಿಯ ಮೇಲೆ. ಅಂಥ ಜನ ಹೂರಣ, ಹುಗ್ಗಿ, ಮಂಡಿಗೆಯ ಪುಟಗಳನ್ನು ಊಟದ ಹೊತ್ತಿಗೆ ಒಬ್ಬರಿಗೊಬ್ಬರು ಓದಿ ಹೇಳುತ್ತಾರಂತೆ. ಅವನ ಮೊದಲ ಕಾದಂಬರಿ. ಕನ್ನಡದಲ್ಲಿ ಇನ್ನೂರು ಪ್ರತಿಯೂ ಹೋಗಿರಲಿಲ್ಲ. ಎದೆ ಉಬ್ಬುತ್ತಿತ್ತು, ಉಬ್ಬಿದಲ್ಲೇ ಚುಚ್ಚುತ್ತಿತ್ತು.

ಕಾರ್ಡು ಮಾನ್ವಿಯ ಗೆಳೆಯ ಹಂಪಣ್ಣನದು. ಒಂದೇ ಸಾಲು: ನಿನ್ನ ಪುಸ್ತಕದ ದೆಸೆಯಿಂದ ಪ್ರಾಣೇಶನನ್ನು ಗುಡಿಯ ಪೂಜೆಯಿಂದ ಬಿಡಿಸಿದರು.

ಪ್ರಾಣೇಶ ಅವನ ಕಾಕಾನ ಮಗ, ಮಾನ್ವಿಯ ಗುಡಿಯ ಅರ್ಚಕ. ಪ್ಲೇಗಿನ ವರ್ಷ ದೇವದುರ್ಗದ ಕೂಡುಮನೆಯಲ್ಲಿ ಇಬ್ಬರೂ ಹದಿನೈದು ದಿನದ ಅಂತರದಲ್ಲಿ ಹುಟ್ಟಿದ್ದರು. ಶೇಷಗಿರಿಗೆ ನಾಲ್ಕು ತುಂಬುವಷ್ಟರಲ್ಲಿ ತಾಯಿ ಜಾನಕಿಬಾಯಿ ತೀರಿಕೊಂಡಳು. ಇಬ್ಬರನ್ನೂ ಬೆಳೆಸಿದವಳು ಪ್ರಾಣೇಶನ ತಾಯಿ, ಕಾಕು ಸತ್ಯಭಾಮಾಬಾಯಿ.

ಕಥೆ ಕೊಟ್ಟವಳೂ ಅವಳೇ. ಒಲೆಯ ಮುಂದೆ ಮಡಿಯಲ್ಲಿ ಕೂತು ಹೇಳಿದ್ದಳು. ಹಡೆದವಳಿಗೆ ಹಾಲಿಲ್ಲ, ಮನೆಯ ಕೂಸಿಗೆ ಆಕಳ ಹಾಲು ಒಗ್ಗಲಿಲ್ಲ. ಹಿಂದಿನ ಓಣಿಯ ಮುನವ್ವರ್ ಬೀ ದಿನಾ ಸಂಜೆ ಹಿತ್ತಲ ಗೋಡೆಯ ಮರೆಗೆ ಬಂದು ಆ ಕೂಸಿಗೆ ಎದೆ ಕೊಟ್ಟು ಹೋಗುತ್ತಿದ್ದಳು. ಅವಳ ನೆರಳು ಅಡುಗೆಮನೆಗೆ ಬಿದ್ದರೆ ಒಲೆ ತೊಳೆಸುತ್ತಿದ್ದ ಹಿರಿಯರಿಗೆ ಅದು ಕೊನೆಯವರೆಗೂ ತಿಳಿಯಲಿಲ್ಲ. ಹೇಳುತ್ತ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರ ಕೂಸು ಎಂದು ಅವನು ಕೇಳಲಿಲ್ಲ. ಕೇಳುವುದೇನಿತ್ತು?

ಮುನವ್ವರ್ ಬೀ ಸಾಯುವವರೆಗೂ ದೇವದುರ್ಗದ ಸಂತೆಯಲ್ಲಿ ಶೇಷಗಿರಿಯನ್ನು ನಿಲ್ಲಿಸಿ ಊಟ ಆಯಿತೇ ಎಂದು ಕೇಳುತ್ತಿದ್ದಳು. ಪ್ರಾಣೇಶನನ್ನು ಕೇಳಲು ಸಂಕೋಚ, ಅದಕ್ಕೆ ತನ್ನನ್ನು ಕೇಳುತ್ತಿದ್ದಳು ಎಂದು ಅವನಿಗೆ ಆಮೇಲೆ ಹೊಳೆದಿತ್ತು.

ಅದೆಲ್ಲ ಎಂಟನೆಯ ಅಧ್ಯಾಯವಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಅವನು ಕೊನೆಗೆ ತನ್ನದೊಂದು ವಾಕ್ಯ ಸೇರಿಸಿದ: ಆ ಕೂಸು ಇವತ್ತು ದಿನಾ ಬೆಳಿಗ್ಗೆ ದೇವರಿಗೆ ಹಾಲಿನ ಅಭಿಷೇಕ ಮಾಡುತ್ತದೆ. ಲಂಡನ್ನಿನ ಪತ್ರಿಕೆಗಳು ಆ ವಾಕ್ಯವನ್ನೇ ಎತ್ತಿ ಬರೆದವು. ಇದು ನಡೆದದ್ದೇ ಎಂದು ಪ್ರಕಾಶಕರು ಕೇಳಿದಾಗ, ಹೌದು, ನಮ್ಮ ಮನೆಯಲ್ಲೇ ನಡೆದದ್ದು ಎಂದು ಹೆಮ್ಮೆಯಿಂದ ಉತ್ತರಿಸಿದ. ಅದು ಹೈದರಾಬಾದಿನ ಪತ್ರಿಕೆಯಲ್ಲೂ ಅಚ್ಚಾಯಿತು. ಮಾನ್ವಿಯ ಹಿರಿಯರಿಗೆ ಇನ್ನು ಹೆಸರು ಬೇಕಿರಲಿಲ್ಲ.

ಕಾರ್ಡು ಬಂದ ಮೇಲೂ ಅವನು ನಾಲ್ಕು ದಿನ ರಾಯಚೂರು ಬಿಟ್ಟು ಕದಲಿರಲಿಲ್ಲ.

ಪ್ರಾಣೇಶ ಪಡಸಾಲೆಯಲ್ಲಿ ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದ. ಬೆಳಗಿನ ಆ ಹೊತ್ತಿನಲ್ಲಿ ಅವನನ್ನು ಮನೆಯಲ್ಲಿ ಕಂಡದ್ದು ಇದೇ ಮೊದಲು.

“ಬಾರಪಾ ಲಂಡನ್ ಸಾಹೇಬ,” ಅಂದ. “ಅಲ್ಲೋ, ಅಲ್ಲಿಯವರು ಹುಗ್ಗಿ ಮಾಡಿಕೊಂಡು ಉಂಡಾರೋ, ಬರೇ ಓದಿ ತೇಗ್ಯಾರೋ?”

ಶೇಷಗಿರಿಗೆ ನಗು ಬರಲಿಲ್ಲ. ಪ್ರಾಣೇಶ ಮಾತು ಬದಲಿಸಿ ಶೇಷಗಿರಿಯ ಮಗಳ ಮದುವೆಯ ವಿಷಯ ಕೇಳಿದ. ಗುಲ್ಬರ್ಗಾದ ಆಚಾರ್ಯರ ಮನೆತನ, ಬಹಳ ಕಟ್ಟುನಿಟ್ಟಿನವರು, ವೈಶಾಖದಲ್ಲಿ ಲಗ್ನ ಎಂದು ಶೇಷಗಿರಿ ಹೇಳಿದ.

“ಅದೊಂದು ಆಗಿಬಿಡ್ಲಿ,” ಎಂದು ಪ್ರಾಣೇಶ ಇನ್ನೊಂದು ಎಲೆ ಎತ್ತಿಕೊಂಡ.

ಹಿರಿಯರು ಪ್ರಾಣೇಶನಿಗೆ ಕೇಳಿದ್ದು ಒಂದೇ ಮಾತು ಎಂದು ಮೋಟಾರಿನಿಂದ ಇಳಿದಾಗ ಸಿಕ್ಕ ಹಂಪಣ್ಣ ಹೇಳಿದ್ದ. ಆ ಕೂಸು ನಾನಲ್ಲ ಅನ್ನು, ಸಾಕು, ಪೂಜೆ ನಿನ್ನದೇ. ಪ್ರಾಣೇಶ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಗರ್ಭಗುಡಿಯ ಕೀಲಿ ಅವರ ಮುಂದಿಟ್ಟು ಬಂದಿದ್ದ. ಹುಟ್ಟಿದಾಗಿನಿಂದ ಸುಳ್ಳಾಡದವನು ಇನ್ನೇನು ಮಾಡಿಯಾನು ಎಂದು ಶೇಷಗಿರಿ ಅಲ್ಲಿಂದ ಮನೆಯವರೆಗೂ ನೊಂದಿದ್ದ.

“ಇವತ್ತು ಸಂಜಿಗೆ ನಾ ಹಿರಿಯರ ಮುಂದ ನಿಂತು ಹೇಳ್ತೀನಿ,” ಅಂದ. “ಎಲ್ಲಾ ನಾ ಕಟ್ಟಿದ್ದು, ಸುಳ್ಳು ಅಂತ. ಲಂಡನ್ನಿಗೂ ಹಂಗ ಬರೀತೀನಿ. ಪುಸ್ತಕ ಹಾಳಾಗಿ ಹೋಗ್ಲಿ.”

“ನಡೆದದ್ದು ಅಂತ ನೀನೇ ಅಚ್ಚು ಹಾಕಿಸೀದಿ. ಈಗ ಅಲ್ಲ ಅಂದ್ರ ಅವರು ಕೆದಕ್ತಾರ, ದೇವದುರ್ಗಕ್ಕ ಹೋಗಿ ಕೇಳ್ತಾರ. ಸುಮ್ಮನಿರು.”

“ನಿನ್ನ ಪೂಜಿ ಹೋತಲ್ಲೋ.”

“ಹೋಗ್ಲಿ. ನೀ ಉಂಡು ರಾಯಚೂರಿಗೆ ಹೋಗು.” ಪ್ರಾಣೇಶ ಎಲೆಯ ಕಟ್ಟು ಸರಿಸಿ ಎದ್ದ, ಬಾವಿಯ ಕಡೆ ನಡೆದುಬಿಟ್ಟ. ರಾಟೆಯ ಸದ್ದು ಬಹಳ ಹೊತ್ತಾದರೂ ಕೇಳಲಿಲ್ಲ.

ಒಳಗೆ ಕಾಕು ಮಡಿಯಲ್ಲಿದ್ದಳು, ಮುಟ್ಟುವ ಹಾಗಿರಲಿಲ್ಲ. ಶೇಷಗಿರಿ ಅಡುಗೆಮನೆಯ ಹೊಸ್ತಿಲಾಚೆಯೇ ಅಡ್ಡಬಿದ್ದ. ಹಣೆ ನೆಲಕ್ಕೆ ಹತ್ತಿದಾಗ ಇಷ್ಟು ದಿನ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ಒಂದು ವಾಕ್ಯದ ಆಸೆಗೆ ಅಣ್ಣತಮ್ಮನಂಥವನ ಅನ್ನ ಕಳೆದೆ ಅಂದ. ನಿನ್ನ ಹೊಟ್ಟೆಯ ಗುಟ್ಟು ಮಾರಿ ದೊಡ್ಡವನಾದೆ ಅಂದ.

“ನಿನಗ ಹಾಲಿಲ್ಲದ್ದು ನಿನ್ನ ತಪ್ಪಲ್ಲ, ಕಾಕೂ. ಕುಡಿದ ಕೂಸಿನ ತಪ್ಪೂ ಅಲ್ಲ. ಸುಳ್ಳು ಅನ್ನೂದಿಲ್ಲ, ಇದನ್ನ ಸಂಜಿಗೆ ಎಲ್ಲಾರ ಮುಂದ ಹೇಳ್ತೀನಿ.”

ಕಾಕು ಒಲೆಯಿಂದ ಕಟ್ಟಿಗೆ ಹಿಂದಕ್ಕೆಳೆದಳು. ಉರಿ ತಗ್ಗಿತು. ಬಾವಿಯ ಕಡೆ ಒಮ್ಮೆ ನೋಡಿದಳು, ಆಮೇಲೆ ಅವನ ಕಡೆ.

“ಹಾಲಿಲ್ಲದೆ ಅತ್ತಾಕಿ ನಿಮ್ಮವ್ವ, ಶೇಷಾ. ನನ್ನ ಎದ್ಯಾಗಿದ್ದದ್ದು ಒಂದು ಕೂಸಿಗೆ ಸಾಲೂವಷ್ಟು. ಅದನ್ನ ನಾ ನನ್ನ ಕೂಸಿಗೇ ಕೊಟ್ಟೆ.”